ಕಾಳು ಬೇಡ, ನೀರಿಡಿ: ಮನೆಯಂಗಳಕ್ಕೆ ಹಕ್ಕಿಗಳನ್ನು ಕರೆಯುವುದು ಹೀಗೆ

ಹಕ್ಕಿ ಬರಲಿ ಅಂತ ಬಹಳಷ್ಟು ಮಂದಿ ಮೊದಲು ಮಾಡುವ ಕೆಲಸ ಟೆರೇಸಿನ ಮೇಲೆ ಒಂದು ಹಿಡಿ ಅಕ್ಕಿ ಎರಚುವುದು. ಹಕ್ಕಿ ಬರುತ್ತೆ, ನಿಜ. ಬರುವುದು ಪಾರಿವಾಳ. ಆಮೇಲೆ ಎಸಿ ಹಿಂದೆ ಗೂಡು, ಒಣಹಾಕಿದ ಬಟ್ಟೆ ಮೇಲೆ ಹಿಕ್ಕೆ. ಒಣಗಿದ ಹಿಕ್ಕೆಯ ಪುಡಿ ದಿನವೂ ಉಸಿರಿನ ಜೊತೆ ಒಳಹೋದರೆ ಕೆಲವರಿಗೆ ಶ್ವಾಸಕೋಶದ ಕಾಯಿಲೆಯೇ ಅಂಟಿಕೊಳ್ಳುತ್ತದೆ. ನಾವು ನೋಡಲು ಆಸೆಪಡುವ ಸೂರಕ್ಕಿ (ಸನ್‌ಬರ್ಡ್), ಪಿಕಳಾರ (ಬುಲ್‌ಬುಲ್), ಮಡಿವಾಳ (ಮ್ಯಾಗ್‌ಪೈ ರಾಬಿನ್), ಸಿಂಪಿಗ (ಟೈಲರ್‌ಬರ್ಡ್) ಇವೆಲ್ಲ ಅಕ್ಕಿ ಹುಡುಕಿಕೊಂಡು ಬರುವವಲ್ಲ. ಇವಕ್ಕೆ ಬೇಕಾದ್ದು ನೀರು, ಹೂವು, ಹಣ್ಣು, ಹುಳು. 30X40 ಸೈಟಿನ ಮನೆಯಲ್ಲೂ ಇಷ್ಟನ್ನು ಹೊಂದಿಸಬಹುದು.

ಮೊದಲು ನೀರು

ಹೂಕುಂಡದ ಕೆಳಗೆ ಇಡುತ್ತಾರಲ್ಲ, ಅಂಥ ಮಣ್ಣಿನ ತಟ್ಟೆಯನ್ನೇ ದೊಡ್ಡ ಸೈಜಿನಲ್ಲಿ ತನ್ನಿ. ನೀರು ಎರಡು ಇಂಚಿಗಿಂತ ಆಳ ಬೇಡ. ಬಕೆಟ್ಟು, ಆಳದ ಪಾತ್ರೆ ಇಟ್ಟರೆ ಸಣ್ಣ ಹಕ್ಕಿ ಬಿದ್ದು ಸಾಯಬಹುದು. ಸ್ಟೀಲು ಜಾರುತ್ತೆ, ಬಿಸಿಲಿಗೆ ಕಾಯುತ್ತೆ. ತಟ್ಟೆಯ ನಡುವೆ ಒಂದು ಒರಟು ಕಲ್ಲಿಡಿ, ನಿಲ್ಲಲು ಜಾಗವಾಯಿತು.

ಎಲ್ಲಿಡಬೇಕು ಅನ್ನುವುದು ಇನ್ನೂ ಮುಖ್ಯ. ಪೊದೆಯ ಬುಡದಲ್ಲೇ ಇಟ್ಟರೆ ಬೆಕ್ಕು ಹೊಂಚು ಹಾಕುತ್ತದೆ. ತೀರಾ ಬಯಲಲ್ಲಿಟ್ಟರೆ ಹಕ್ಕಿಗೆ ಧೈರ್ಯ ಸಾಲದು. ಗಿಡದಿಂದ ಆರೇಳು ಅಡಿ ದೂರದಲ್ಲಿ, ನೆರಳು ಬೀಳುವ ಕಡೆ ಇಡಿ. ದಿನಾ ಹಳೇ ನೀರು ಚೆಲ್ಲಿ, ತೆಂಗಿನ ನಾರಿನಲ್ಲಿ ಉಜ್ಜಿ ಹೊಸ ನೀರು ತುಂಬಿ. ಸೋಪು ಬೇಡ. ಒಂದು ವಾರ ಹಾಗೇ ಬಿಟ್ಟರೆ ನೀವು ಸಾಕುವುದು ಹಕ್ಕಿಯನ್ನಲ್ಲ, ಡೆಂಗಿ ಸೊಳ್ಳೆಯನ್ನು.

ಪಿಕಳಾರಗಳು ಜೋಡಿಯಾಗಿ ಬಂದು ಗಲಾಟೆ ಮಾಡಿಕೊಂಡು ಮೀಯುತ್ತವೆ. ಕಪ್ಪು-ಬಿಳುಪಿನ ಮಡಿವಾಳ ಮಾತ್ರ ಬಹಳ ಸಲ ಕತ್ತಲಾಗುವ ಹೊತ್ತಿಗೆ, ಎಲ್ಲರೂ ಹೋದ ಮೇಲೆ ಒಬ್ಬನೇ ಬರುತ್ತಾನೆ. ಸೂರಕ್ಕಿಗೆ ತಟ್ಟೆ ಅಷ್ಟಾಗಿ ಹಿಡಿಸದು. ಗಿಡಗಳಿಗೆ ಪೈಪಿನಲ್ಲಿ ನೀರು ಸಿಂಪಡಿಸಿ ಹತ್ತು ನಿಮಿಷ ದೂರ ಕೂತು ನೋಡಿ. ಒದ್ದೆ ಎಲೆಯ ಮೇಲೆ ಹೊಟ್ಟೆ, ರೆಕ್ಕೆ ಉಜ್ಜಿಕೊಂಡು ಜಾರುತ್ತಾ ಸ್ನಾನ ಮುಗಿಸುತ್ತದೆ.

ಆಮೇಲೆ ಗಿಡ

ನರ್ಸರಿಯಲ್ಲಿ ಚೆಂದ ಕಂಡಿದ್ದನ್ನೆಲ್ಲ ತರಬೇಡಿ. ಜಾಗ ಕಡಿಮೆಯಿದ್ದರೆ ನನ್ನ ಆಯ್ಕೆ ಐದೆಸಳಿನ ಕೆಂಪು ದಾಸವಾಳ, ಕೇಪಳ, ರತ್ನಗಂಧಿ. ಮೂರೂ ದೊಡ್ಡ ಕುಂಡದಲ್ಲಿ ಬೆಳೆಯುತ್ತವೆ, ಮೂರಕ್ಕೂ ಸೂರಕ್ಕಿ ಬರುತ್ತದೆ. ದಾಸವಾಳದ ಹೂವಿನ ಬುಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಸಣ್ಣ ಸೀಳು ಕಂಡರೆ ಅದು ಸೂರಕ್ಕಿಯ ಕೆಲಸವಿರಬಹುದು. ಹೂವಿನ ಬಾಯಿಂದ ಕೊಕ್ಕು ತೂರಿಸುವ ಬದಲು ಬುಡಕ್ಕೇ ಚುಚ್ಚಿ ಮಕರಂದ ಹೀರಿಬಿಡುತ್ತದೆ. ಪರಾಗ ಸಾಗಿಸುವ ಕೂಲಿಯೂ ಇಲ್ಲ, ಶುದ್ಧ ಕಳ್ಳತನ!

ಹಿತ್ತಿಲಿದ್ದರೆ ನುಗ್ಗೆ, ಬಾಳೆ, ಸೀಬೆ, ಪಪ್ಪಾಯ ಹಾಕಿ. ಕರಿಬೇವಿನ ಗಿಡವನ್ನು ಪೂರ್ತಿ ಬೋಳಿಸದೆ ಹೂ ಬಿಡಲು ಬಿಟ್ಟರೆ ಅದರ ಕಪ್ಪು ಹಣ್ಣಿಗೆ ಪಿಕಳಾರ, ಕೋಗಿಲೆ ಬರುತ್ತವೆ. ಇನ್ನೂ ಸ್ವಲ್ಪ ಜಾಗ ಇದೆಯಾ? ಗಸಗಸೆ ಹಣ್ಣಿನ ಮರ ನೆಡಿ. ಬೇಗ ಬೆಳೆಯುತ್ತೆ, ವರ್ಷದ ಬಹುಪಾಲು ಹಣ್ಣು ಬಿಡುತ್ತೆ. ಹೆಬ್ಬೆರಳಿನಷ್ಟೇ ಇರುವ ಬದನಿಕೆ ಹಕ್ಕಿಯಿಂದ ಹಿಡಿದು ಕುಟ್ರುಹಕ್ಕಿವರೆಗೆ ಎಲ್ಲಕ್ಕೂ ಅದು ಇಷ್ಟ. ರಾತ್ರಿ ಬಾವಲಿ ಬಂದು ಕಾರಿನ ಮೇಲೆ ಗಲೀಜು ಮಾಡುತ್ತೆ ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ.

ತೋಟ ಅತಿಯಾಗಿ ಗುಡಿಸಬೇಡಿ

ಮಕರಂದ ಕುಡಿಯುವ ಸೂರಕ್ಕಿಯೂ ಮರಿಗೆ ತಿನ್ನಿಸುವುದು ಹುಳ, ಜೇಡ. ಕರಿಬೇವಿನ ಎಲೆಯ ಮೇಲೆ ಕಂಬಳಿಹುಳು ಕಂಡ ತಕ್ಷಣ ಔಷಧಿ ಹೊಡೆದರೆ ಹಕ್ಕಿಯ ಊಟ ಕಸಿದ ಹಾಗೆ. ಒಂದು ಮೂಲೆಯಲ್ಲಿ ತರಗೆಲೆ ಹಾಗೇ ಇರಲಿ. ಹರಟೆಮಲ್ಲ ಹಕ್ಕಿಗಳ ಗುಂಪು ಬಂದು ಒಂದೊಂದೇ ಎಲೆ ಮಗುಚಿ ಹುಡುಕುತ್ತದೆ.

ಜೇಡರ ಬಲೆಯನ್ನೂ ಬಿಡಿ. ಸೂರಕ್ಕಿಯ ನೇತಾಡುವ ಗೂಡನ್ನು ಹಿಡಿದಿಡುವ ಅಂಟು ಅದೇ. ಹೆಣ್ಣು ಸೂರಕ್ಕಿ ನಾರು, ಒಣಗಿದ ಎಲೆಚೂರು, ತೊಗಟೆ ಎಲ್ಲವನ್ನೂ ಬಲೆಯಲ್ಲಿ ಸುತ್ತಿ ಚೀಲ ಮಾಡುತ್ತದೆ. ದೂರದಿಂದ ನೋಡಿದರೆ ಗಿಡಕ್ಕೆ ಸಿಕ್ಕಿಕೊಂಡ ಕಸ ಅನ್ನಿಸುತ್ತೆ. ಕಸ ಅಂತ ಕಿತ್ತು ಹಾಕುವ ಮುಂಚೆ ಪಕ್ಕದಲ್ಲಿ ತೂತಿದೆಯಾ ನೋಡಿ. ಸಿಂಪಿಗ ಎಲೆಯ ಅಂಚಿಗೆ ಕೊಕ್ಕಿನಿಂದ ತೂತು ಹಾಕಿ, ಹತ್ತಿ ಎಳೆಯೋ ಜೇಡರ ನೂಲೋ ತೂರಿಸಿ ಹೊಲಿಯುತ್ತದೆ. ಹೀಗಾಗಿ ಅಗಲ ಎಲೆಯ ಗಿಡ ಕತ್ತರಿಸುವ ಮುಂಚೆಯೂ ಎಲೆಗಳ ಹಿಂದೆ ಒಮ್ಮೆ ಇಣುಕಿ.

ದೊಡ್ಡ ಕಿಟಕಿ ಗಾಜಿದ್ದರೆ ಹೊರಗಡೆಯಿಂದ ಎರಡೆರಡು ಇಂಚಿಗೊಂದು ಚುಕ್ಕಿ ಅಂಟಿಸಿ. ಗಾಜಿನಲ್ಲಿ ಕಾಣುವ ಮರವನ್ನು ನಿಜವೆಂದು ನಂಬಿ ಹಕ್ಕಿ ಡಿಕ್ಕಿ ಹೊಡೆಯುತ್ತದೆ. ಕಾರಿನ ಕನ್ನಡಿಯ ಜೊತೆ ಪಿಕಳಾರ ಜಗಳಕ್ಕಿಳಿದರೆ ಹಳೇ ಕಾಲುಚೀಲ ಹಾಕಿ ಮುಚ್ಚಿ. ಅದು ತನ್ನ ಬಿಂಬವನ್ನೇ ಎದುರಾಳಿ ಅಂದುಕೊಂಡಿರುತ್ತದೆ.

ಈಗ ಕೂತು ನೋಡಿ

ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಒಳ್ಳೇ ಹೊತ್ತು. ಬೈನಾಕ್ಯುಲರ್ ಕೊಳ್ಳುವುದಾದರೆ 8X32 ಅಥವಾ 8X42, ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಾಕು. ಜಾಸ್ತಿ ದೊಡ್ಡದು ಮಾಡಿ ತೋರಿಸುವುದು ಕೈ ನಡುಗಿದಂತೆಲ್ಲ ಅಲುಗಾಡುತ್ತೆ. ಬಣ್ಣವನ್ನೇ ನಂಬಬೇಡಿ. ಒಂದು ಜಾತಿಯ ಗಂಡು ಸೂರಕ್ಕಿ ನೆರಳಲ್ಲಿ ಕರ್ರಗೆ ಕಾಣುತ್ತದೆ, ಬಿಸಿಲಿಗೆ ಬಂದರೆ ನೀಲಿ, ನೇರಳೆ ಮಿಂಚುತ್ತದೆ. ಗುಬ್ಬಿಗಿಂತ ದೊಡ್ಡದೋ ಚಿಕ್ಕದೋ, ಕೊಕ್ಕು ಹೇಗಿದೆ, ಬಾಲ ಎತ್ತುತ್ತದೆಯೋ ಇಲ್ಲವೋ ಎಂದು ಮೊದಲು ಗಮನಿಸಿ. ಕೂಗು ಕಲಿಯಲು, ಕೂಗು ಕೇಳಿಸಿಕೊಂಡು ಹಕ್ಕಿಯ ಹೆಸರು ಹೇಳುವ ಮರ್ಲಿನ್ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದು ಹೇಳಿದ್ದನ್ನೆಲ್ಲ ಒಪ್ಪಬೇಡಿ, ಕಣ್ಣಾರೆ ನೋಡಿಯೇ ಬರೆದುಕೊಳ್ಳಿ. ಸೆಪ್ಟೆಂಬರಿನಿಂದ ಏಪ್ರಿಲ್‌ವರೆಗೆ ಉತ್ತರದಿಂದ ವಲಸಿಗರು ಬರುವ ಕಾಲ. ಪೊದೆಯೊಳಗಿಂದ ‘ಚೆಕ್, ಚೆಕ್’ ಕೇಳಿಸಿ ಏನೂ ಕಾಣದಿದ್ದರೆ ಅಂಥದ್ದೊಂದು ಉಲಿಯಕ್ಕಿ ಇರಬಹುದು.

ಗೂಡು ಕಂಡರೆ ಹತ್ತಿರ ಹೋಗಿ ಫೋಟೊ ತೆಗೆಯುವ ಆಸೆ ತಡೆದುಕೊಳ್ಳಿ. ನೀವು ಪದೇಪದೇ ಹೋಗುವುದನ್ನು ಕಾಗೆ, ಕೆಂಬೂತ ಗಮನಿಸಿ ಗೂಡಿನ ಮೊಟ್ಟೆ, ಮರಿ ತಿಂದುಬಿಡಬಹುದು. ಮೊಟ್ಟೆ, ಮರಿ ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಕೂಡ. ಪುಕ್ಕ ಬಂದಿರುವ ಮರಿ ನೆಲದ ಮೇಲೆ ಕುಪ್ಪಳಿಸುತ್ತಿದ್ದರೆ ಅನಾಥ ಅಂತ ಒಳಗೆ ತರಬೇಡಿ. ಅದು ಹಾರಲು ಕಲಿಯುತ್ತಿದೆ, ಅಪ್ಪ-ಅಮ್ಮ ಅಲ್ಲೇ ಇರುತ್ತವೆ. ಬೀದಿಯಲ್ಲಿದ್ದರೆ ಹತ್ತಿರದ ಪೊದೆಯ ಮೇಲೆ ಕೂರಿಸಿ ದೂರ ಸರಿಯಿರಿ. ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ನಾಲ್ಕು ದಿನ ಒಳಗೇ ಇಟ್ಟುಕೊಳ್ಳಿ.