ಮನೆಯ ಮೊದಲ ನರ್ಸ್‌ಗೆ ಸ್ಕಾಲರ್‌ಶಿಪ್: ನಾನು ಅರ್ಜಿ ಹಾಕಿಸುವ ಬಗೆ

ಅಪ್ಪ ಹೆಬ್ಬೆಟ್ಟು, ಅಮ್ಮ ಏಳನೇ ಕ್ಲಾಸು, ಮಗಳು ಬಿ.ಎಸ್ಸಿ. ನರ್ಸಿಂಗ್. ಇಂಥ ಮನೆಯ ಮಕ್ಕಳಿಗೆ ಅರ್ಜಿ ಹಾಕಿಸುವುದು ನನ್ನ ಕೆಲಸ. ನಾನು ಹಾಕಿಸುವ ಸರ್ಕಾರಿ ಅರ್ಜಿಗಳು ಜಾತಿ, ಆದಾಯ, ಅಂಕ, ಹೆತ್ತವರ ಕಸುಬು ಇವನ್ನೆಲ್ಲ ಕೇಳುತ್ತವೆ. ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ನೀವೇನಾ ಎಂದು ಕೇಳಿ ಅದರ ಮೇಲೆ ದುಡ್ಡು ಕೊಡುವುದಿಲ್ಲ. ಪಕ್ಕದ ತಮಿಳುನಾಡಿನಲ್ಲಿ ಅದಕ್ಕೇ ಒಂದು ‘ಮೊದಲ ಪದವೀಧರ’ ಪ್ರಮಾಣಪತ್ರವಿದೆ. ಅದಿದ್ದರೆ ಸರ್ಕಾರಿ ಕೌನ್ಸೆಲಿಂಗ್ ಮೂಲಕ ವೃತ್ತಿಪರ ಕೋರ್ಸ್ ಸೇರಿದವರಿಗೆ ಬೋಧನಾ ಶುಲ್ಕದಲ್ಲಿ ರಿಯಾಯಿತಿ ಸಿಗುತ್ತದೆ, ಮನೆಗೆ ಒಬ್ಬರಿಗೆ ಮಾತ್ರ. ಹೊಸೂರು, ತಾಳವಾಡಿ ಕಡೆಯ ಕನ್ನಡದ ಮನೆಗಳವರು ಅದನ್ನು ಮೊದಲು ಮಾಡಿಸಿಕೊಳ್ಳಲಿ. ನಮ್ಮಲ್ಲಿ ಬೇರೆ ಬಾಗಿಲುಗಳಿಂದ ಹೋಗಬೇಕು.

ಆ ಬಾಗಿಲುಗಳೆಲ್ಲ ತೆರೆಯುತ್ತವೋ ಇಲ್ಲವೋ ಎಂಬುದು ಬಹುಪಾಲು ಅರ್ಜಿಗಿಂತ ಮುಂಚೆಯೇ, ಸೀಟು ಯಾವ ದಾರಿಯಲ್ಲಿ ಬಂತು ಎನ್ನುವಲ್ಲೇ ತೀರ್ಮಾನವಾಗಿರುತ್ತದೆ. ಬಿ.ಎಸ್ಸಿ. ನರ್ಸಿಂಗ್ ಸೀಟು 2023ರಿಂದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಮೂಲಕ ಸಿಗುತ್ತಿದೆ. ಹಾಗೆ ಬಂದ ಸರ್ಕಾರಿ ಕೋಟಾದ ಸೀಟಿಗೂ ಏಜೆಂಟ್ ಕೊಡಿಸಿದ ಮ್ಯಾನೇಜ್‌ಮೆಂಟ್ ಸೀಟಿಗೂ ಕ್ಲಾಸು ಒಂದೇ, ಸಮವಸ್ತ್ರ ಒಂದೇ. ಸ್ಕಾಲರ್‌ಶಿಪ್ ಮಾತ್ರ ಒಂದೇ ಅಲ್ಲ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆಯ 2021ರ ಮಾರ್ಗಸೂಚಿ ಮ್ಯಾನೇಜ್‌ಮೆಂಟ್ ಕೋಟಾದವರನ್ನು ನೇರವಾಗಿ ಹೊರಗಿಟ್ಟಿದೆ. ‘ಸ್ಕಾಲರ್‌ಶಿಪ್ ಬರುತ್ತೆ, ಫೀಸಿನ ಚಿಂತೆ ಬಿಡಿ’ ಎಂದು ಏಜೆಂಟ್ ಹೇಳಿದರೆ ನಾನು ಕೇಳಿಸುವುದು ಒಂದೇ ಪ್ರಶ್ನೆ: ಕೆಇಎ ಕೊಟ್ಟ ಅಲಾಟ್‌ಮೆಂಟ್ ಪತ್ರ ಎಲ್ಲಿ? ಮಾರ್ಕ್ಸ್ ಕಾರ್ಡ್ ಮೂಲಪ್ರತಿ ಮೊದಲೇ ಕೇಳುವ ಏಜೆಂಟ್ ಇದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಹೀಗಾಗಿ ನಮ್ಮ ಕ್ಯಾಲೆಂಡರ್ ಶುರುವಾಗುವುದು ಅಡ್ಮಿಷನ್ ಆದಮೇಲಲ್ಲ, ದ್ವಿತೀಯ ಪಿಯುಸಿ ಓದುವಾಗಿನ ನವೆಂಬರ್‌ನಲ್ಲಿ. ಸಿಇಟಿ ಅರ್ಜಿಯಲ್ಲೇ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ (ಪತ್ರದ ಮೇಲೆ ಮುದ್ರಿಸಿರುವ ಸಂಖ್ಯೆ) ತುಂಬಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಪತ್ರ ಇವೆ. ಇವುಗಳಲ್ಲಿ ಮೊದಲೆರಡಕ್ಕೆ ಶಾಲೆಯ ಮುಖ್ಯಶಿಕ್ಷಕರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಐದನೆಯವರೆಗೆ ಒಂದು ಶಾಲೆ, ಏಳರವರೆಗೆ ಇನ್ನೊಂದು, ಹೈಸ್ಕೂಲು ಮತ್ತೊಂದು ಎಂದಾದರೆ ಮೂರೂ ಕಡೆ ಓಡಾಡಬೇಕು. ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದವರು ಏಪ್ರಿಲ್-ಮೇ ರಜೆಯಲ್ಲಿ ಬೀಗ ಹಾಕಿದ ಶಾಲೆಯ ಮುಂದೆ ನಿಲ್ಲುತ್ತಾರೆ.

ಆದಾಯ ಪ್ರಮಾಣಪತ್ರದ ಅವಧಿ ಐದು ವರ್ಷ. ಒಂಬತ್ತನೇ ತರಗತಿಯಲ್ಲಿ ಮಾಡಿಸಿದ್ದು ಪದವಿಯ ನಡುವೆ ಕೈಕೊಡುತ್ತದೆ. ಆದ್ದರಿಂದ ಪಿಯುಸಿ ಕೊನೆಯಲ್ಲಿ ಹೊಸದು ಮಾಡಿಸಿದರೆ ನರ್ಸಿಂಗ್‌ನ ನಾಲ್ಕು ವರ್ಷಕ್ಕೂ ಅದೇ ಸಾಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಪ್ರವರ್ಗ-1ರ ಜಾತಿ ಪ್ರಮಾಣಪತ್ರಕ್ಕೆ ಅವಧಿಯ ಕಾಟವಿಲ್ಲ. ಆದಾಯದ ಮಿತಿ ಪ್ರವರ್ಗದಿಂದ ಪ್ರವರ್ಗಕ್ಕೆ ಬೇರೆ. ಅದನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ಓದಿಸುತ್ತೇನೆ, ಹಿಂದಿನ ವರ್ಷದ ಸೀನಿಯರ್ ಹೇಳಿದ್ದನ್ನು ನಂಬುವುದಿಲ್ಲ. ನಾಡಕಚೇರಿಗೆ ಹೋಗುವಾಗ ಕೂಲಿಯ ಲೆಕ್ಕ ಬಾಯಿಗೆ ಬಂದಷ್ಟು ಹೇಳಬೇಡಿ. ಗ್ರಾಮ ಆಡಳಿತಾಧಿಕಾರಿ ಬರೆದ ಒಂದೇ ಒಂದು ಸಂಖ್ಯೆ ಐದು ವರ್ಷ ಎಲ್ಲ ಅರ್ಜಿಗೂ ಹೋಗುತ್ತದೆ.

ಇನ್ನು ಹೆಸರು. ಅರ್ಧಕ್ಕರ್ಧ ತೊಂದರೆ ಇಲ್ಲೇ ಹುಟ್ಟುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುಳಾ ಎಸ್’, ಆಧಾರ್‌ನಲ್ಲಿ ‘ಮಂಜುಳ ಸಿದ್ದಪ್ಪ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಮಂಜು’. ಮನುಷ್ಯರಿಗೆ ಮೂವರೂ ಒಬ್ಬರೇ, ಕಂಪ್ಯೂಟರಿಗೆ ಮೂವರು. ನಾನು ಎಸ್ಸೆಸ್ಸೆಲ್ಸಿ ಕಾರ್ಡನ್ನು ಮೂಲವಾಗಿಟ್ಟುಕೊಂಡು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸುತ್ತೇನೆ. ಕಾರ್ಡನ್ನೇ ತಿದ್ದಿಸಲು ಹೋದರೆ ಮಂಡಳಿಗೆ ಅಲೆದು ವರ್ಷ ಕಳೆಯುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡು ಸಲ, ಹುಟ್ಟಿದ ದಿನಾಂಕಕ್ಕೆ ಒಂದೇ ಸಲ ಅವಕಾಶ. ಅದನ್ನು ಅವಸರದಲ್ಲಿ ವ್ಯರ್ಥ ಮಾಡಬಾರದು. ಇನಿಷಿಯಲ್ ಹಿಂದೋ ಮುಂದೋ, ಚುಕ್ಕಿ ಇದೆಯೋ ಇಲ್ಲವೋ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟೇ ಆಧಾರ್ ಕೇಂದ್ರಕ್ಕೆ ಕಳಿಸುತ್ತೇನೆ. ಅಲ್ಲಿ ಕೊಡುವ ರಸೀದಿಯಲ್ಲಿ ಅಕ್ಷರ ಅಕ್ಷರ ನೋಡಿದ ಮೇಲೇ ಎದ್ದು ಬರಬೇಕು. ಅಪ್ಪ ಅಮ್ಮನ ಆಧಾರ್ ಕೂಡ ಬೇಕಾಗುತ್ತದೆ. ಅವರ ಮೊಬೈಲ್ ನಂಬರ್ ಹಳೆಯದಾಗಿದ್ದರೆ ಒಟಿಪಿ ಯಾರದೋ ಫೋನಿಗೆ ಹೋಗುತ್ತದೆ. ಅದನ್ನೂ ಅದೇ ದಿನ ಸರಿಪಡಿಸಿಕೊಂಡು ಬನ್ನಿ.

ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆ’ ಎನ್ನುತ್ತಾರೆ, ಹಣ ಬರುವುದಿಲ್ಲ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಸರ್ಕಾರದ ನೇರ ನಗದು ಹೋಗುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಆಧಾರ್‌ಗೆ ಕಟ್ಟಿದ ಒಂದೇ ಖಾತೆಗೆ, ಅದೂ ಕೊನೆಯಲ್ಲಿ ಸೀಡ್ ಆದ ಖಾತೆಗೆ. ಸಿಮ್ ಕೊಳ್ಳುವಾಗ ಅಂಗಡಿಯವನು ಬೆರಳೊತ್ತಿಸಿ ಪೇಮೆಂಟ್ಸ್ ಬ್ಯಾಂಕ್ ಖಾತೆಯೊಂದನ್ನು ತೆರೆದಿದ್ದರೆ ಸ್ಕಾಲರ್‌ಶಿಪ್ ಸದ್ದಿಲ್ಲದೆ ಅಲ್ಲಿಗೆ ಹೋಗಿ ಕೂತಿರುತ್ತದೆ. ‘ಮೈ ಆಧಾರ್’ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂಬ ಕೊಂಡಿ ಇದೆ. ಯಾವ ಬ್ಯಾಂಕು, ಸಕ್ರಿಯವೋ ಅಲ್ಲವೋ ಎಂದು ಎರಡು ನಿಮಿಷದಲ್ಲಿ ತೋರಿಸುತ್ತದೆ. ಅರ್ಜಿ ಹಾಕುವ ದಿನ ಒಮ್ಮೆ, ಹಣ ಬಿಡುಗಡೆಯ ಸುದ್ದಿ ಬಂದಾಗ ಇನ್ನೊಮ್ಮೆ ನೋಡಿಸುತ್ತೇನೆ.

ಖಾತೆಯಲ್ಲೇ ಇನ್ನೆರಡು ಗುಂಡಿಗಳಿವೆ. ಶಾಲೆಯಲ್ಲಿದ್ದಾಗ ತೆರೆದ ಅಪ್ರಾಪ್ತರ ಖಾತೆ 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ ಮಾಡಿಸದಿದ್ದರೆ ಓಡುವುದಿಲ್ಲ. ಪೂರ್ತಿ ಕೆವೈಸಿ ಇಲ್ಲದ ‘ಸಣ್ಣ ಖಾತೆ’ಯಲ್ಲಿ 50,000 ರೂಪಾಯಿಗಿಂತ ಹೆಚ್ಚು ಬಾಕಿ ಇರುವಂತಿಲ್ಲ, ವರ್ಷದ ಒಟ್ಟು ಜಮೆ 1 ಲಕ್ಷ ಮೀರುವಂತಿಲ್ಲ. ಶುಲ್ಕದ ದೊಡ್ಡ ಮೊತ್ತ ಬಂದಾಗ ಅದು ವಾಪಸ್ ಹೋಗಬಹುದು, ಕಾರಣ ಯಾರಿಗೂ ತಿಳಿಯುವುದಿಲ್ಲ.

ಇಷ್ಟು ಆದಮೇಲೆ ಎಸ್‌ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ಅರ್ಜಿಗೆ ಬಾಗಿಲು ಇದೊಂದೇ. ದಾಖಲೆ ಸರಿ ಇದ್ದರೆ ಅರ್ಜಿ ಅರ್ಧ ಗಂಟೆಯ ಕೆಲಸ. ಸಿಕ್ಕಿಕೊಳ್ಳುವುದು ಮೂರು ಕಡೆ. ಮೊದಲ ವರ್ಷದವರಿಗೆ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ತಡವಾಗಿ ಬರುತ್ತದೆ, ಅದಕ್ಕೆ ಕಾಲೇಜು ಕಚೇರಿಯನ್ನು ವಾರಕ್ಕೊಮ್ಮೆ ಕೇಳುತ್ತಿರಬೇಕು. ಕಾಗದಪತ್ರಗಳ ಇ-ದೃಢೀಕರಣವನ್ನು ಕಾಲೇಜಿನ ನಿಯೋಜಿತ ಅಧಿಕಾರಿಯೇ ಮಾಡಬೇಕು. ಕೊನೆಯ ವಾರಕ್ಕೆ ಬಿಟ್ಟರೆ ನೂರು ಜನರ ಸಾಲು. ಮೂರನೆಯದು ಕೋರ್ಸಿನ ಆಯ್ಕೆ. ಪಟ್ಟಿಯಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ), ಬಿ.ಎಸ್ಸಿ. ನರ್ಸಿಂಗ್, ಪೋಸ್ಟ್ ಬೇಸಿಕ್ (ಡಿಪ್ಲೊಮಾ ಆದವರ ಪದವಿ) ಒಂದರ ಕೆಳಗೊಂದು ಇರುತ್ತವೆ, ಬೆರಳು ಜಾರಿದರೆ ದರ್ಜೆಯೇ ಬದಲು. ಪರಿಶಿಷ್ಟ ಜಾತಿಯ ಯೋಜನೆಯಲ್ಲಿ ಕೋರ್ಸುಗಳನ್ನು ನಾಲ್ಕು ಗುಂಪು ಮಾಡಿದ್ದಾರೆ. ವರ್ಷದ ನಿರ್ವಹಣಾ ಭತ್ಯೆ ಮನೆಯಿಂದ ಓಡಾಡುವವರಿಗೆ 2,500ರಿಂದ 7,000, ಹಾಸ್ಟೆಲಿನವರಿಗೆ 4,000ದಿಂದ 13,500 ರೂಪಾಯಿ.

ಆ ಯೋಜನೆಯ ಹಣದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಎರಡೂ ಒಂದೇ ದಿನ ಬರುವುದಿಲ್ಲ. ಮೊದಲ ಕಂತು ಬಂದಕೂಡಲೇ ಇಷ್ಟೇ ಎಂದುಕೊಂಡು ಸ್ಟೇಟಸ್ ನೋಡುವುದನ್ನು ಬಿಡುವವರಿದ್ದಾರೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ವಿದ್ಯಾರ್ಥಿಯ ಖಾತೆಗೆ ಬರುವ ಮೊತ್ತದಲ್ಲಿ ಕಾಲೇಜು ಶುಲ್ಕದ ಭಾಗವೂ ಸೇರಿರುತ್ತದೆ. ಮನೆಯಲ್ಲಿ ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ಆ ದುಡ್ಡು ಉಳಿಯುವುದು ಕಷ್ಟ. ಆಮೇಲೆ ಹಾಲ್ ಟಿಕೆಟ್ ಹೊತ್ತಿಗೆ ಕಾಲೇಜು ಬಾಕಿ ಕೇಳುತ್ತದೆ. ಯಾವುದು ಭತ್ಯೆ, ಯಾವುದು ಶುಲ್ಕ ಎಂದು ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಮೊದಲೇ ಹೇಳುತ್ತೇನೆ.

ವಾಸದ ವಿಚಾರ ಚಿಕ್ಕದು. ಸರ್ಕಾರಿ ಹಾಸ್ಟೆಲ್ ಅರ್ಜಿಗೆ ಬೇರೆಯೇ ಪೋರ್ಟಲ್ ಇದೆ. ಅಲ್ಲಿ ಜಾಗ ಸಿಗದ ಹಿಂದುಳಿದ ವರ್ಗದವರಿಗೆ ವಿದ್ಯಾಸಿರಿ, ಅಂದರೆ ಊಟ-ವಸತಿಯ ನೆರವು. ಶುರುವಾದಾಗ ಅದು ತಿಂಗಳಿಗೆ 1,500ರಂತೆ ಹತ್ತು ತಿಂಗಳು. ಹಾಸ್ಟೆಲೂ ವಿದ್ಯಾಸಿರಿಯೂ ಒಟ್ಟಿಗೆ ಇಲ್ಲ.

ಕೇಂದ್ರದ ಎನ್‌ಎಸ್‌ಪಿ, ಅಂದರೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್, ಇನ್ನೊಂದು ಬಾಗಿಲು. ಕರಾವಳಿಯಲ್ಲಿ ಬೀಡಿ ಕಟ್ಟುವ ತಾಯಂದಿರ ಮಕ್ಕಳು ಇದನ್ನು ಮರೆಯಬಾರದು. ಕಾರ್ಮಿಕ ಸಚಿವಾಲಯದ ನೆರವು ಶಾಲಾ ಮಕ್ಕಳಿಗೆ 1,000ದಿಂದ ಶುರುವಾಗಿ ವೃತ್ತಿಪರ ಪದವಿಗೆ 25,000ದವರೆಗೆ ಹೋಗುತ್ತದೆ. ತಾಯಿಯ ಬೀಡಿ ಕಾರ್ಮಿಕರ ಗುರುತಿನ ಚೀಟಿ ಬೇಕು, ಕೋರ್ಸ್ ಯಾವ ದರ್ಜೆಯಲ್ಲಿ ಕೂರುತ್ತದೆ ಎಂದು ನೋಡಿಕೊಳ್ಳಬೇಕು. ಪಿಯುಸಿಯಲ್ಲಿ ಮೇಲಿನ ಶೇ. 20ರೊಳಗೆ ಬಂದು, ಮನೆಯ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರ ವಲಯದ ವಿದ್ಯಾರ್ಥಿವೇತನ ಇದೆ: ಮೊದಲ ಮೂರು ವರ್ಷ 12,000, ವೃತ್ತಿಪರ ಕೋರ್ಸಿನ ನಾಲ್ಕನೇ ವರ್ಷ 20,000. ಡಿಪ್ಲೊಮಾದವರಿಗೆ ಇದಿಲ್ಲ. ನವೀಕರಣಕ್ಕೆ ಶೇ. 50 ಅಂಕ, ಶೇ. 75 ಹಾಜರಿ ಬೇಕು. ಬೇರೆ ಸ್ಕಾಲರ್‌ಶಿಪ್ ಜೊತೆ ಇದನ್ನು ಪಡೆಯುವಂತಿಲ್ಲ, ಆದ್ದರಿಂದ ಎಸ್‌ಎಸ್‌ಪಿಯಲ್ಲಿ ಎಷ್ಟು ಬರುತ್ತದೆಂದು ಕೂಡಿ ಕಳೆದು ಒಂದನ್ನು ಆರಿಸಬೇಕು.

ಎನ್‌ಎಸ್‌ಪಿಯಲ್ಲಿ ಮೊದಲು 14 ಅಂಕಿಯ ಒಟಿಆರ್ (ಒಂದೇ ಸಲದ ನೋಂದಣಿ) ಸಂಖ್ಯೆ ಪಡೆಯಬೇಕು. ಆಮೇಲೆ ಕಾಲೇಜಿನ ಐಷೆ ಕೋಡ್, ಅಂದರೆ ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಆ ಕಾಲೇಜಿಗೆ ಕೊಟ್ಟ ಸಂಖ್ಯೆ. ನರ್ಸಿಂಗ್‌ನವರು ಎಡವುವುದು ಇಲ್ಲೇ. ಒಂದೇ ಕಟ್ಟಡದಲ್ಲಿ ಜಿಎನ್‌ಎಂ, ಬಿ.ಎಸ್ಸಿ. ಎರಡೂ ನಡೆಯುತ್ತಿದ್ದರೂ ಕೋಡ್ ಎರಡು: ಪದವಿ ಕಾಲೇಜಿನದು ‘ಸಿ’ ಅಕ್ಷರದಿಂದ, ಡಿಪ್ಲೊಮಾ ಸಂಸ್ಥೆಯದು ‘ಎಸ್’ ಅಕ್ಷರದಿಂದ ಶುರುವಾಗುತ್ತದೆ. ತಪ್ಪಿದರೆ ಅರ್ಜಿ ಬೇರೆ ಲಾಗಿನ್‌ಗೆ ಹೋಗಿ ಬೀಳುತ್ತದೆ. ಅಲ್ಲಿ ಯಾರೂ ತೆರೆದು ನೋಡುವುದಿಲ್ಲ, ದಿನಾಂಕ ಮುಗಿಯುತ್ತದೆ. ಸಲ್ಲಿಸಿದ ಮೂರನೇ ದಿನ ಕಾಲೇಜಿನ ನೋಡಲ್ ಅಧಿಕಾರಿಯ ಮುಂದೆ ನಿಂತು ‘ನನ್ನ ಅರ್ಜಿ ನಿಮ್ಮ ಪಟ್ಟಿಯಲ್ಲಿ ಕಾಣುತ್ತಿದೆಯಾ ಸರ್’ ಎಂದು ಕೇಳುವುದೇ ಮದ್ದು.

ಖಾಸಗಿಯವರ ಹಣದ ಗುಣ ಬೇರೆ. ಸರ್ಕಾರಿ ಪಟ್ಟಿಯಲ್ಲಿ ಜಾಗವಿಲ್ಲದ ಖರ್ಚುಗಳು ನರ್ಸಿಂಗ್‌ನಲ್ಲಿ ಬಹಳ: ಸಮವಸ್ತ್ರ, ಶೂ, ಪ್ರೊಸೀಜರ್ ಪುಸ್ತಕಗಳು, ಆಸ್ಪತ್ರೆ ಪೋಸ್ಟಿಂಗ್‌ಗೆ ಬಸ್ಸು. ಇವಕ್ಕೆ ಆಗುವುದು ಕೈಗೆ ಸಿಗುವ ನಗದೇ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆ, ಸರ್ಕಾರಿ ಪಿಯುವಿನಲ್ಲಿ ಓದಿದ ಹುಡುಗಿಯರಿಗೆ ವರ್ಷಕ್ಕೆ 30,000 ಕೊಡುತ್ತದೆ, ಪದವಿಗೂ ಡಿಪ್ಲೊಮಾಕ್ಕೂ. ‘ಅನುದಾನಿತ’ ಕಾಲೇಜನ್ನು ಸರ್ಕಾರಿ ಎಂದು ಬರೆದು ಕೈಸುಟ್ಟುಕೊಳ್ಳಬೇಡಿ. ವಿದ್ಯಾಧನ್ ಎಂಬ ಇನ್ನೊಂದು ಖಾಸಗಿ ಸ್ಕಾಲರ್‌ಶಿಪ್‌ಗೆ ಎಸ್ಸೆಸ್ಸೆಲ್ಸಿ ಆದ ತಕ್ಷಣವೇ ಹಾಕಬೇಕು: ಶೇ. 90 ಅಂಕ, ಆದಾಯ 2 ಲಕ್ಷದೊಳಗೆ. ಆಯ್ಕೆಯಾದವರು ಚೆನ್ನಾಗಿ ಓದಿದರೆ ಪದವಿಗೂ ಮುಂದುವರಿಯುತ್ತದೆ. ರಿಲಯನ್ಸ್ ಫೌಂಡೇಶನ್ ಪದವಿಯ ಅವಧಿಗೆ ಒಟ್ಟು 2 ಲಕ್ಷದವರೆಗೆ ಕೊಡುತ್ತದೆ, ಮೊದಲ ವರ್ಷದಲ್ಲೇ ಅರ್ಜಿ, ಆನ್‌ಲೈನ್ ಪರೀಕ್ಷೆಯೂ ಇದೆ.

ಖಾಸಗಿ ಅರ್ಜಿಗಳಲ್ಲಿ ಮನೆಯ ಸ್ಥಿತಿ ಬರೆಯಿರಿ ಎಂದಾಗ ಹುಡುಗಿಯರು ‘ನಾವು ತುಂಬಾ ಬಡವರು, ದಯವಿಟ್ಟು ಸಹಾಯ ಮಾಡಿ’ ಎಂದು ಬರೆದು ತರುತ್ತಾರೆ. ಅದನ್ನು ಹೊಡೆದುಹಾಕಿಸಿ ಲೆಕ್ಕ ಬರೆಸುತ್ತೇನೆ. ‘ಅಪ್ಪ ಅಡಿಕೆ ತೋಟದಲ್ಲಿ ಕೂಲಿ, ವರ್ಷಕ್ಕೆ ಸುಮಾರು 150 ದಿನ ಕೆಲಸ. ಅಮ್ಮನದು ಹೊಲಿಗೆ. ತಮ್ಮ ಒಂಬತ್ತನೇ ಕ್ಲಾಸು. ಕಾಲೇಜಿಗೆ ಹೋದವಳು ಮನೆಯಲ್ಲಿ ನಾನೊಬ್ಬಳೇ. ಈ ವರ್ಷದ ಖರ್ಚು ಇಷ್ಟು, ಸರ್ಕಾರದಿಂದ ಬರುವುದು ಇಷ್ಟು, ಕೊರತೆ ಇಷ್ಟು.’ ಓದುವವರಿಗೆ ಕೊರತೆಯ ಅಂಕಿ ಬೇಕು. ಮೊದಲ ತಲೆಮಾರು ಎಂಬ ಮಾತಿಗೆ ಬೆಲೆ ಬರುವುದೂ ಈ ಒಂದು ಪುಟದಲ್ಲಿ ಮಾತ್ರ, ಅದನ್ನು ಒಂದು ವಾಕ್ಯದಲ್ಲಿ ಸ್ಪಷ್ಟವಾಗಿ ಹೇಳಿಬಿಡಬೇಕು.

ಎಲ್ಲ ಸರಿಯಾಗಿ ಮಾಡಿದರೂ ಹಣ ಬರುವುದು ಫೀಸ್ ಕಟ್ಟುವ ದಿನಕ್ಕಲ್ಲ, ಬಹಳ ತಿಂಗಳ ಮೇಲೆ. ಮೊದಲ ವರ್ಷವನ್ನು ದಾಟಿಸುವ ಏರ್ಪಾಡು ಬೇರೆಯೇ ಬೇಕು. ಕಾಲೇಜಿನಿಂದ ಕಂತಿಗೆ ಲಿಖಿತ ಒಪ್ಪಿಗೆ ಕೇಳಿ, ಬಾಯಿಮಾತು ಬೇಡ. ಬ್ಯಾಂಕ್ ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ನಿಗಮಗಳ ‘ಅರಿವು’ ಶಿಕ್ಷಣ ಸಾಲಕ್ಕೆ ಬಡ್ಡಿ ಶೇ. 2 ಮಾತ್ರ, ಆದರೆ ಅಲ್ಲೂ ಮೊದಲು ಕೇಳುವುದು ಕೆಇಎ ಸೀಟು ಹೌದೋ ಅಲ್ಲವೋ ಎಂದೇ. ಕೈಸಾಲವನ್ನು ಕೊನೆಗಿಡಿ.

ಅರ್ಜಿಯನ್ನು ಸೈಬರ್ ಸೆಂಟರಿನಲ್ಲಿ ಹಾಕಿದರೂ ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಇರಲಿ. ಅವಸರಕ್ಕೆ ಅಂಗಡಿಯವನು ತನ್ನ ನಂಬರ್ ಹಾಕಿಬಿಟ್ಟರೆ ಮುಂದಿನ ವರ್ಷ ನವೀಕರಣದ ಒಟಿಪಿಗೆ ಅವನನ್ನೇ ಹುಡುಕಬೇಕು. ನಾನು ಪ್ರತಿಯೊಬ್ಬರಿಗೂ 40 ಪುಟದ ಒಂದು ನೋಟ್‌ಬುಕ್ ಮಾಡಿಸುತ್ತೇನೆ. ಮೊದಲ ಪುಟದಲ್ಲಿ ಎಸ್‌ಎಸ್‌ಪಿ ಐಡಿ, ಒಟಿಆರ್, ಎರಡೂ ಆರ್‌ಡಿ ನಂಬರ್, ಐಷೆ ಕೋಡ್, ಸೀಡ್ ಆದ ಖಾತೆ. ಆಮೇಲೆ ವರ್ಷಕ್ಕೆ ಎರಡು ಪುಟ: ಸಲ್ಲಿಸಿದ ದಿನ, ದೃಢೀಕರಣದ ದಿನ, ಬಂದ ಮೊತ್ತ, ಕಾಲೇಜಿಗೆ ಕಟ್ಟಿದ ರಸೀದಿ ಸಂಖ್ಯೆ. ಪಾಸ್‌ವರ್ಡ್ ಅದರಲ್ಲಿ ಬೇಡ. ಆಸ್ಪತ್ರೆ ಪೋಸ್ಟಿಂಗ್‌ಗೆ ಹೋಗುವಾಗ ನೋಟ್‌ಬುಕ್ ಹಾಸ್ಟೆಲಿನ ಟ್ರಂಕಿನಲ್ಲಿ, ಅದರ ಮೊದಲ ಪುಟದ ಫೋಟೊ ಫೋನಿನಲ್ಲಿ.