ಒಂದು ಚಿಟಿಕೆ ಹಿಕ್ಕೆ, ಒಂದು ಭರಣಿ ಕಡಲು

ಕುಂಬಳೆಯ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನಮ್ಮ ತೀರದಲ್ಲಿ ಮರಳಿದೆ, ಮುರಕಲ್ಲಿದೆ, ಹವಳದ ದಿಬ್ಬವಿಲ್ಲ. ಆದರೂ ಒಂದು ವರ್ಷ ಹವಳದ ಬೆನ್ನು ಹತ್ತಬೇಕಾಯಿತು. ಸಾರಜನಕದ ಚಕ್ರದ ಪಾಠ ನಡೆಯುತ್ತಿದ್ದಾಗ ಒಬ್ಬಳು ಎದ್ದುನಿಂತು, "ನೆಲದ ಗೊಬ್ಬರವನ್ನು ಹೊಳೆ ಕಡಲಿಗೆ ಒಯ್ಯುತ್ತದೆ, ಸರಿ. ಕಡಲಿನದು ನೆಲಕ್ಕೆ ವಾಪಸು ಬರುವುದೇ ಇಲ್ಲವೇ ಮಾಷ್ಟ್ರೇ?" ಎಂದು ಕೇಳಿದಳು.

ಬರುತ್ತದೆ, ರೆಕ್ಕೆಯ ಮೇಲೆ. ರೀವದಂಥ (ಇಂಗ್ಲಿಷಿನಲ್ಲಿ ಟರ್ನ್) ಕಡಲಹಕ್ಕಿಗಳು ನಡುಗಡಲಲ್ಲಿ ಮೀನು ಹಿಡಿದು ದ್ವೀಪಕ್ಕೆ ಮರಳುತ್ತವೆ, ಅಲ್ಲಿ ಹಿಕ್ಕೆ ಹಾಕುತ್ತವೆ. ಮಳೆ ಮತ್ತು ಅಲೆ ಅದನ್ನು ಕರಗಿಸಿ ದ್ವೀಪದ ಸುತ್ತಲಿನ ಹವಳಕ್ಕೆ ಉಣಿಸುತ್ತವೆ. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ನಿಕ್ ಗ್ರಹಾಂ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಇಲಿಗಳಿರುವ ಆರು ದ್ವೀಪ, ಇಲ್ಲದ ಆರು ದ್ವೀಪ. ಇಲಿಯಿಲ್ಲದ ಕಡೆ ಕಡಲಹಕ್ಕಿಗಳ ದಟ್ಟಣೆ 760 ಪಟ್ಟು ಹೆಚ್ಚು, ನೆಲಕ್ಕೆ ಬೀಳುವ ಸಾರಜನಕ 251 ಪಟ್ಟು ಹೆಚ್ಚು, ಪಕ್ಕದ ಹವಳದ ದಿಬ್ಬದಲ್ಲಿ ಮೀನಿನ ಒಟ್ಟು ತೂಕ 48 ಶೇಕಡಾ ಹೆಚ್ಚು. ಆ ಸಾರಜನಕ ಹಕ್ಕಿಯದೇ ಎಂದು ಹೇಗೆ ಗೊತ್ತು? ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ-15 ಎಂಬ ತುಸು ಭಾರದ ಬಗೆ ಹೆಚ್ಚಿರುತ್ತದೆ. ಅದೇ ಗುರುತು ದ್ವೀಪದ ಎಲೆಗಳಲ್ಲಿ, ನೀರಿನ ಪಾಚಿಯಲ್ಲಿ, ಮೀನಿನ ಮಾಂಸದಲ್ಲಿ ಸಿಕ್ಕಿತು.

ಇಲಿ ಎಂದೊಡನೆ ತರಗತಿ ಚುರುಕಾಯಿತು. ಎಳನೀರು ಕೊರೆದು ಉದುರಿಸುವ ಇಲಿಯ ಮೇಲೆ ಸಿಟ್ಟಿಲ್ಲದ ಮನೆ ಇಲ್ಲಿಲ್ಲ. ಅಲ್ಲಿ ಅದು ಮೊಟ್ಟೆ, ಮರಿಗಳನ್ನೇ ತಿನ್ನುತ್ತದೆ. ಚಾಗೋಸಿನಲ್ಲಿ ಹಕ್ಕಿ ಗೂಡು ಕಟ್ಟುತ್ತಿದ್ದ ಕಾಡನ್ನು ಕಡಿದು ಹಾಕಿದ್ದು ತೆಂಗಿನ ತೋಟ ಎಂಬುದನ್ನೂ ಹೇಳಿದೆ. ತೆಂಗಿನ ಸಂಶೋಧನೆ 1916ರಿಂದ ನಡೆಯುತ್ತಿರುವ ಕಾಸರಗೋಡಿನಲ್ಲಿ ಕಲ್ಪವೃಕ್ಷದ ಮೇಲೆ ದೂರು ಹೇಳುವುದಕ್ಕೆ ಧೈರ್ಯ ಬೇಕು.

ಹವಳ ತೋರಿಸಲಾಗದಿದ್ದರೆ ಹಿಕ್ಕೆಯ ಕೆಲಸವನ್ನಾದರೂ ತೋರಿಸೋಣ ಎಂದು ಡಿಸೆಂಬರಿನಲ್ಲಿ ಶಿರಿಯಾ ಹೊಳೆಯ ಅಳಿವೆಗೆ ಹೋದೆವು. ಅಲ್ಲಿಗೆ ಬರುವ ಕಡಲಕಾಗೆಗಳು ಚಳಿಗಾಲ ಕಳೆದು ಹೋಗುವವು, ಮೊಟ್ಟೆಯಿಡುವವಲ್ಲ. ಆದರೆ ಮೀನು ಹಿಕ್ಕೆಯಾಗುವ ಬಗೆ ಒಂದೇ. ದಡದಲ್ಲಿ ಕವುಚಿ ಹಾಕಿದ್ದ ಹಳೆಯ ದೋಣಿಯ ಬೆನ್ನಿನಿಂದ ಒಣಗಿದ್ದನ್ನು ಕೈಗವಸು, ಮುಖಗವಸು ಹಾಕಿಕೊಂಡು ನಾನೇ ಕೆರೆದೆ. ದೋಣಿಯ ಯಜಮಾನರು ನೋಡುತ್ತಾ ನಿಂತಿದ್ದರು. "ಹಾಗೆಯೇ ತೊಳೆದೂ ಕೊಡುವುದಾದರೆ ಇನ್ನೊಂದು ದೋಣಿ ಇದೆ ಮಾಷ್ಟ್ರೇ" ಎಂದರು.

ಮೊದಲ ಸಲ ಕೆಟ್ಟಿತು. ಹೆಚ್ಚು ಹಾಕಿದರೆ ಬೇಗ ಫಲ ಸಿಗುತ್ತದೆಂಬ ಆಸೆಯಿಂದ ಗಾಜಿನ ಭರಣಿಗೆ ಹಿಡಿ ತುಂಬ ಸುರಿದು ಮುಚ್ಚಳ ಬಿಗಿದೆ. ಐದನೆಯ ದಿನ ನೀರು ಕಪ್ಪಾಗಿ, ತೆರೆದಾಗ ಕೊಳೆತ ಮೊಟ್ಟೆಯ ನಾತಕ್ಕೆ ಪಕ್ಕದ ತರಗತಿಯೂ ಹೊರಗೆ ಬಂತು. ಎರಡನೆಯ ಸಲ ಎರಡು ಭರಣಿ: ಒಂದರಲ್ಲಿ ಬಟ್ಟೆಯಲ್ಲಿ ಸೋಸಿದ ಕಡಲ ನೀರು ಮಾತ್ರ, ಇನ್ನೊಂದರಲ್ಲಿ ಅದಕ್ಕೆ ಒಂದೇ ಚಿಟಿಕೆ ಹಿಕ್ಕೆ. ಬಾಯಿಗೆ ತೆಳು ಬಟ್ಟೆ ಕಟ್ಟಿ ಕಿಟಕಿಯ ಬೆಳಕಿನಲ್ಲಿಟ್ಟೆವು. ಒಂಬತ್ತನೆಯ ದಿನಕ್ಕೆ ಎರಡನೆಯದು ತಿಳಿಹಸಿರಾಗಿತ್ತು. ಮೊದಲನೆಯದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ನಾನು ಗೆದ್ದೆನೆಂದುಕೊಂಡೆ.

ಆಗ ಹಿಂದಿನ ಬೆಂಚಿನವನೊಬ್ಬ, "ಇಷ್ಟು ಪಾಚಿ ಬೆಳೆದರೆ ಹವಳ ಉಸಿರುಗಟ್ಟಿ ಸಾಯುವುದಿಲ್ಲವೇ?" ಎಂದ. ಅವನು ಹೇಳಿದ್ದು ಸರಿ. ಊರಿನ ಕೊಳಚೆ ಹರಿದ ಕಡೆ ಆಗುವುದು ಅದೇ. ಮರುದಿನ ಓದಿಕೊಂಡು ಬಂದು ಉತ್ತರಿಸಿದೆ. ನಮ್ಮ ಭರಣಿಯಲ್ಲಿ ಮೀನಿರಲಿಲ್ಲ. ಚಾಗೋಸಿನಲ್ಲಿ ಹಕ್ಕಿಯ ಗೊಬ್ಬರದಿಂದ ಕೊಬ್ಬಿದ ಗಿಳಿಮೀನುಗಳು ಪಾಚಿಯನ್ನು ಮೂರು ಪಟ್ಟು ಹೆಚ್ಚು ಮೇಯುತ್ತವೆ. ಅಲ್ಲದೆ ಹವಳದ ಮೈಯೊಳಗೇ ಅದಕ್ಕೆ ಉಣಿಸುವ ಸೂಕ್ಷ್ಮ ಪಾಚಿ ಬಿಡಾರ ಹೂಡಿರುತ್ತದೆ. ಹಿಕ್ಕೆಯಲ್ಲಿ ಸಾರಜನಕದ ಜೊತೆ ರಂಜಕವೂ ಇರುವುದರಿಂದ ಅದಕ್ಕೆ ಸಮತೋಲದ ಊಟ ಸಿಗುತ್ತದೆ. ರಂಜಕವಿಲ್ಲದೆ ಸಾರಜನಕವೊಂದೇ ಏರಿದರೆ ಬಿಸಿ ನೀರಿನಲ್ಲಿ ಹವಳ ಬೇಗ ಬಿಳಿಚಿಕೊಳ್ಳುತ್ತದೆ. ಹುಡುಗ ತಲೆಯಾಡಿಸಿದ, ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಅವನಿಗೇ ಹೆಚ್ಚು ಅಂಕ ಕೊಟ್ಟೆ.

ನಕ್ಷೆಯಲ್ಲಿ ಲಕ್ಷದ್ವೀಪವನ್ನು ತೋರಿಸದೆ ಬಿಡಲು ಮನಸ್ಸಾಗಲಿಲ್ಲ. ಅಲ್ಲಿನ ಅಮಿನಿದಿವಿ ದ್ವೀಪಗಳೂ ನಮ್ಮ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು, ಒಂದೇ ದಿನ, ಎರಡೂ ಕೈಬಿಟ್ಟವು. ಆ ಗುಂಪಿನ ಬಿತ್ರಾ ಒಂದು ಕಾಲದಲ್ಲಿ ಕಡಲಹಕ್ಕಿಗಳು ಮೊಟ್ಟೆಯಿಡುವ ತಾಣವಾಗಿತ್ತು. ಕವರತ್ತಿಯ ಹತ್ತಿರದ ಪುಟ್ಟ ಪಿಟ್ಟಿ ದ್ವೀಪದಲ್ಲಿ ರೀವಗಳು ಈಗಲೂ ಸಂತಾನ ಬೆಳೆಸುತ್ತವೆ.

ಭರಣಿ ಖಾಲಿ ಮಾಡುವ ದಿನ ನಾನು ರಜೆಯಲ್ಲಿದ್ದೆ. ಇಷ್ಟು ಒಳ್ಳೆಯ ಗೊಬ್ಬರವನ್ನು ಚೆಲ್ಲುವುದೇಕೆಂದು ಮಕ್ಕಳು ಹಸಿರು ನೀರನ್ನು ಅಡುಗೆಮನೆಯ ಹಿಂದಿನ ಬಸಳೆಯ ಬುಡಕ್ಕೆ ಹೊಯ್ದರು. ಅದು ಉಪ್ಪುನೀರು ಎಂಬುದು ಯಾರಿಗೂ ಹೊಳೆಯಲಿಲ್ಲ. ಚಪ್ಪರದ ಒಂದು ಬದಿ ಪೂರ್ತಿ ಬಾಡಿತು. ಬಿಸಿಯೂಟದ ಅಕ್ಕ ಈಗಲೂ ನನಗೆ ಸಾಂಬಾರು ಬಡಿಸುವಾಗ ಸೌಟನ್ನು ತುಸು ಬಗ್ಗಿಸಿಯೇ ಹಿಡಿಯುತ್ತಾರೆ.