ಒಣದ್ರಾಕ್ಷಿ ಯಾವ ದಿನ ಇಳಿಸಬೇಕು? ತಕ್ಕಡಿಯನ್ನು ಕೇಳಿ

ಮಾರ್ಚ್ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ಶೆಡ್‌ಗಳಲ್ಲಿ ‘ಮಾಲು ಒಣಗಿ ರ‍್ಯಾಕಿನಿಂದ ಎಂದು ಇಳಿಯುತ್ತದೆ?’ ಎಂದು ಕೇಳಿದರೆ ‘ಹದಿನೈದು ದಿನ’ ಎನ್ನುತ್ತಾರೆ. ಬಿರುಬಿಸಿಲಿದ್ದರೂ ಹದಿನೈದು, ಮೋಡ ಕವಿದರೂ ಹದಿನೈದು. ಕೂಲಿಯಾಳು, ಲಾರಿ, ಶೈತ್ಯಾಗಾರದ ಜಾಗ ಎಲ್ಲವೂ ಈ ಬಾಯಿಮಾತಿನ ಮೇಲೆಯೇ ಗೊತ್ತಾಗುತ್ತವೆ. ಆಹಾರ ತಂತ್ರಜ್ಞರ ‘ಗಣಿತ ಮಾದರಿ’ ಇಲ್ಲಿ ನೆರವಿಗೆ ಬರುತ್ತದೆ. ಹೆಸರು ದೊಡ್ಡದು, ಕೆಲಸ ಬರೀ ಗುಣಾಕಾರ.

ಮೊದಲ ಲೆಕ್ಕವನ್ನು ಕಟಾವಿಗೆ ಮುಂಚೆಯೇ ಮಾಡಬೇಕು. ರಿಫ್ರ್ಯಾಕ್ಟೋಮೀಟರ್‌ನಲ್ಲಿ ಹಣ್ಣಿನ ಬ್ರಿಕ್ಸ್, ಅಂದರೆ ರಸದಲ್ಲಿ ಕರಗಿರುವ ಸಕ್ಕರೆ ಮುಂತಾದವುಗಳ ಶೇಕಡಾ ಪ್ರಮಾಣ, ನೋಡಿ. 22 ತೋರಿಸಿದರೆ 100 ಕಿಲೋ ಹಣ್ಣಿನಲ್ಲಿ ಒಣ ಅಂಶ ಹೆಚ್ಚುಕಡಿಮೆ 22 ಕಿಲೋ. ಒಣಗುವಾಗ ಹೋಗುವುದು ಬಹುತೇಕ ನೀರು ಮಾತ್ರ. ಸಿದ್ಧ ಮಾಲಿನಲ್ಲಿ ಶೇ 15 ತೇವ ಇರಬೇಕೆಂದರೆ 22ನ್ನು 0.85ರಿಂದ ಭಾಗಿಸಿ: 25.9 ಕಿಲೋ ಒಣದ್ರಾಕ್ಷಿ. ಬ್ರಿಕ್ಸ್ 18 ಇರುವಾಗಲೇ ಕಿತ್ತರೆ ಸಿಗುವುದು 21.2 ಕಿಲೋ. ಟನ್ ಹಣ್ಣಿಗೆ 47 ಕಿಲೋ ಖೋತಾ! ಕಟಾವಿಗೆ ಅವಸರಪಡುವವರು ಈ ಒಂದು ಭಾಗಾಕಾರವನ್ನಾದರೂ ಮಾಡಲೇಬೇಕು.

ನಂತರ ಅದ್ದುವ ಕೆಲಸ. ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಎಥೈಲ್ ಓಲಿಯೇಟ್ ಎಣ್ಣೆ ಎಂಬ ಪ್ರಮಾಣ ಬೆಳೆಗಾರರಿಗೆ ಗೊತ್ತಿರುವುದೇ. ಹಣ್ಣಿನ ಮೇಲಿನ ಮೇಣದ ಪದರ ಸಡಿಲಗೊಂಡು ನೀರು ಬೇಗ ಹೊರಬರುತ್ತದೆ.

ಈಗ ಮುಖ್ಯ ಭಾಗ. ನಡುವಿನ ರ‍್ಯಾಕಿನಲ್ಲಿ 10 ಕಿಲೋ ಹಣ್ಣನ್ನು ಒಂದು ಜಾಲರಿ ಟ್ರೇಯಲ್ಲಿ ಬೇರೆಯಾಗಿ ಹರಡಿ. ಅಂಚಿನ ರ‍್ಯಾಕ್ ಬೇಡ, ಅಲ್ಲಿ ಗಾಳಿ ಹೆಚ್ಚಾಗಿ ಲೆಕ್ಕ ಮೋಸ ಮಾಡುತ್ತದೆ. ಬ್ರಿಕ್ಸ್ 22 ಇದ್ದರೆ, ಟ್ರೇ ತೂಕ ಬಿಟ್ಟು, ಇದರಲ್ಲಿ ಒಣ ಅಂಶ 2.2 ಕಿಲೋ, ನೀರು 7.8 ಕಿಲೋ. ಶೇ 15 ತೇವಕ್ಕೆ ಬರುವಾಗ ಉಳಿಯಬೇಕಾದ ನೀರು ಸುಮಾರು 0.39 ಕಿಲೋ. ಗುರಿ ಇದೇ.

ಒಣಗುವ ವೇಗದ ಬಗ್ಗೆ 1921ರಲ್ಲಿ ಅಮೆರಿಕದ ರಾಸಾಯನಿಕ ಎಂಜಿನಿಯರ್ ಡಬ್ಲ್ಯು.ಕೆ. ಲೂಯಿಸ್ ಮುಂದಿಟ್ಟ ಸೂತ್ರದ ತಿರುಳು ಸರಳ: ಹೋಗಬೇಕಾದ ನೀರು ಎಷ್ಟು ಉಳಿದಿದೆಯೋ ಅದರ ಒಂದು ನಿಶ್ಚಿತ ಪಾಲು ಪ್ರತಿದಿನ ಹೋಗುತ್ತದೆ. ಆರಂಭದಲ್ಲಿ ಜೋರು, ಕೊನೆಗೆ ಆಮೆನಡಿಗೆ. ಆ ಪಾಲು ಎಷ್ಟೆಂದು ತಕ್ಕಡಿ ಹೇಳುತ್ತದೆ.

ಮೂರು ದಿನ ಕಳೆದ ಮೇಲೆ ಅದೇ ಹೊತ್ತಿಗೆ ತೂಗಿ. 6.2 ಕಿಲೋ ಬಂತೆನ್ನಿ. ಒಣ ಅಂಶ ಕಳೆದರೆ ನೀರು 4 ಕಿಲೋ. 4ನ್ನು 7.8ರಿಂದ ಭಾಗಿಸಿದರೆ 0.51. ಯಾವ ಸಂಖ್ಯೆಯನ್ನು ಮೂರು ಸಲ ಗುಣಿಸಿದರೆ 0.51 ಬರುತ್ತದೆ? 0.8 (0.8 × 0.8 × 0.8). ಅಂದರೆ ದಿನಕ್ಕೆ ಐದರಲ್ಲೊಂದು ಪಾಲು ಹೋಗುತ್ತಿದೆ. ಮೊಬೈಲಿನಲ್ಲಿ 7.8ನ್ನು 0.8ರಿಂದ ಮತ್ತೆ ಮತ್ತೆ ಗುಣಿಸುತ್ತಾ ಹೋಗಿ. ಹದಿನಾಲ್ಕನೆಯ ಸಲಕ್ಕೆ ಉತ್ತರ 0.39ಕ್ಕಿಂತ ಕೆಳಗಿಳಿಯುತ್ತದೆ. ಹದಿನಾಲ್ಕು ದಿನ.

ಇಷ್ಟಕ್ಕೇ ನಿಲ್ಲಿಸಬೇಡಿ. ಇದೇ ಲೆಕ್ಕದಂತೆ ಆರನೆಯ ದಿನ ತೂಕ 4.2 ಕಿಲೋ ಇರಬೇಕು. 4.6 ತೋರಿಸಿದರೆ ಗಾಳಿಯಲ್ಲಿ ತೇವ ಏರಿರಬಹುದು. ಹೊಸ ಪಾಲು ಕಂಡುಹಿಡಿಯಿರಿ: ನೀರು 4ರಿಂದ 2.4ಕ್ಕೆ ಇಳಿದಿದೆ, ಅನುಪಾತ 0.6, ದಿನಕ್ಕೆ ಉಳಿಯುವ ಪಾಲು 0.843. ಉಳಿದದ್ದು ಇನ್ನೂ ಹನ್ನೊಂದು ದಿನ. ಹದಿನಾಲ್ಕಕ್ಕೆ ಹೇಳಿದ್ದ ಲಾರಿಯನ್ನು ಹದಿನೇಳಕ್ಕೆ ಬದಲಿಸಲು ಆಗ ಸಮಯವಿರುತ್ತದೆ. ಅಕಾಲಿಕ ಮಳೆಯ ಮುನ್ಸೂಚನೆ ಬಂದಾಗಲಂತೂ ಪ್ಲಾಸ್ಟಿಕ್ ಪರದೆ ಎಷ್ಟು ದಿನ ಬೇಕೆಂಬ ಅಂದಾಜೂ ಇಲ್ಲಿಂದಲೇ ಸಿಗುತ್ತದೆ.

ಕೊನೆಯ ಎರಡು ಮೂರು ದಿನ ಸೂತ್ರವನ್ನು ಪೂರ್ತಿ ನಂಬಬೇಡಿ. ಸಕ್ಕರೆ ನೀರನ್ನು ಬಿಗಿಹಿಡಿಯುವುದರಿಂದ ಒಣಗುವಿಕೆ ಲೆಕ್ಕಕ್ಕಿಂತ ನಿಧಾನವಾಗುತ್ತದೆ. ಆಗ ದಿನವೂ ತೂಗಬೇಕು. ಟ್ರೇಯಲ್ಲಿನ ಹಣ್ಣು 2.6 ಕಿಲೋಗೆ ಬಂದ ದಿನ ರ‍್ಯಾಕ್ ಇಳಿಸಬಹುದು. ಬಣ್ಣದ ವಿಷಯ ಬೇರೆ. ಹಸಿರು ಛಾಯೆ ಉಳಿಸುವುದು ನೆರಳಿಗೆ, ಗಂಧಕದ ಹೊಗೆಗೆ ಬಿಟ್ಟದ್ದು. ಈ ಗುಣಾಕಾರದಲ್ಲಿ ಅದಕ್ಕೆ ಜಾಗವಿಲ್ಲ.